ಮುಳುಗಿದ ಪ್ರಬಂಧ

ಕಳೆದ ನವೆಂಬರ್ ಹನ್ನೆರಡರಂದು ಬೆಳಗೋಡು ಬಳಿಯ ಗುಡ್ಡದ ಮೇಲಿರುವ ಮ್ಯಾನೇಜ್‌ಮೆಂಟ್ ಸಂಸ್ಥೆಯು ತನ್ನ ವೃತ್ತಿಪರ ಡಾಕ್ಟರೇಟನ್ನು ಬದಲಾದ ಮಾರುಕಟ್ಟೆಗೆ ತಕ್ಕಂತೆ ಪರಿಷ್ಕರಿಸಿತು. ಸಭೆ ಇಪ್ಪತ್ತು ನಿಮಿಷ ನಡೆಯಿತು. ಊಟ ಎರಡು ಗಂಟೆ.

ಮಾರುಕಟ್ಟೆಯ ಅಭಿಪ್ರಾಯವನ್ನು ಮೊದಲೇ ಸಂಗ್ರಹಿಸಲಾಗಿತ್ತು. ಮೂರು ಕಂಪನಿಗಳಿಗೆ ಪತ್ರ ಹೋಗಿತ್ತು. ಎರಡು ಉತ್ತರಿಸಲಿಲ್ಲ. ಮೂರನೆಯದು, ಪ್ರಬಂಧ ಓದಲು ಈಗ ಯಾರಿಗೂ ಪುರುಸೊತ್ತಿಲ್ಲ ಎಂದಿತು. ಆದ್ದರಿಂದ ಮೌಲ್ಯಮಾಪನದಿಂದ ಓದುವುದನ್ನು ಕೈಬಿಡಲಾಯಿತು.

"ಹಾಗಾದರೆ ಒಳ್ಳೆಯದು ಯಾವುದು ಅಂತ ತಿಳಿಯುವುದು ಹೇಗೆ?" ಎಂದರು ನಿರ್ದೇಶಕ ವೀರಭದ್ರಯ್ಯ.

ಉದ್ಯಮದ ಪ್ರತಿನಿಧಿಯಾಗಿ ಸುಬ್ಬಯ್ಯ ಕೂತಿದ್ದರು. ಮುನ್ನೂರು ಎಕರೆ ಕಾಫಿ ಎಸ್ಟೇಟಿನ ಮಾಲೀಕರು. ಸಂಸ್ಥೆ ನಿಂತಿರುವ ಜಾಗವೂ ಅವರದೇ.

"ನಾವು ಹಣ್ಣನ್ನ ತೊಟ್ಟಿ ನೀರಿಗೆ ಸುರೀತೀವಿ ಕಣ್ರೀ. ಮುಳುಗಿದ್ದು ಗಟ್ಟಿ. ತೇಲಿದ್ದು ಜೊಳ್ಳು. ಒಂದೊಂದೇ ಕಚ್ಚಿ ನೋಡ್ತಾ ಕೂತ್ರೆ ಕುಯ್ಲು ಮುಗಿದಂಗೆ."

ಸಭೆ ಇದನ್ನು ದಾಖಲಿಸಿಕೊಂಡಿತು. ಮರುದಿನ ಪ್ರಕಟಣೆ ಹೊರಬಿತ್ತು.

"ನಿಯಮ ೧೪(ಬಿ): ಪ್ರಬಂಧವನ್ನು ತೊಟ್ಟಿಯ ನೀರಿಗೆ ಅಡ್ಡಲಾಗಿ ಬಿಡತಕ್ಕದ್ದು. ಎಸೆಯತಕ್ಕದ್ದಲ್ಲ. ಐದು ನಿಮಿಷದೊಳಗೆ ತಳ ಮುಟ್ಟಿದ್ದನ್ನು ಮಾತ್ರ ಅಂಗೀಕರಿಸಲಾಗುವುದು. ಪರೀಕ್ಷಕರು ಪ್ರಬಂಧವನ್ನು ಓದಿರುವುದು ಕಂಡುಬಂದಲ್ಲಿ ಪಕ್ಷಪಾತವೆಂದು ಪರಿಗಣಿಸಲಾಗುವುದು."

ಕೆ. ಹೊಸಕೋಟೆಯ ರಶ್ಮಿತಾ ಸುಬ್ಬಯ್ಯನವರ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಹಣ್ಣಿನ ತೂಕ. ಮಾರ್ಚ್ ಒಳಗೆ ಡಾಕ್ಟರೇಟ್ ತಂದರೆ ಮ್ಯಾನೇಜರ್, ತರದಿದ್ದರೆ ರೈಟರ್ ಕೆಲಸವೂ ಇಲ್ಲ ಎಂದು ಆಕೆಗೆ ಬರವಣಿಗೆಯಲ್ಲಿ ತಿಳಿಸಲಾಗಿತ್ತು. ಮಳೆಗಾಲ ಬಂದೊಡನೆ ಆಳುಗಳು ಬಿಟ್ಟುಹೋಗುವುದು ಏಕೆ ಎಂಬುದು ಆಕೆಯ ವಿಷಯ. ಆರು ವರ್ಷ ಆಳುಗಳು ವಾಸಿಸುವ ಲೈನ್ ಮನೆಗಳನ್ನು ಸುತ್ತಿ ಇನ್ನೂರ ಹನ್ನೆರಡು ಜನರನ್ನು ಕೇಳಿದ್ದಳು. ಮುನ್ನೂರು ಪುಟ ಬರೆದಿದ್ದಳು. ಉತ್ತರ ನಾಲ್ಕನೆಯ ಪುಟದಲ್ಲೇ ಇತ್ತು: ಮಾಡು ಸೋರುತ್ತದೆ.

ಡಿಸೆಂಬರಿನಲ್ಲಿ ಪ್ರಬಂಧವನ್ನು ನೀರಿಗೆ ಬಿಟ್ಟರು. ಐದು ನಿಮಿಷ ಕಾದರು. ಅದು ತೊಟ್ಟಿಯ ಆ ಬದಿಗೆ ಹೋಗಿ, ವಾಪಸ್ ಬಂತು.

"ನಮ್ಮ ಲೈನಿನ ವಿಚಾರ ಬರ್ದಿದ್ದೀಯಂತೆ?" ಎಂದರು ಸುಬ್ಬಯ್ಯ.

"ಹೌದು ಸಾರ್. ಎಲ್ಲಾ ವಿವರವಾಗಿ."

"ತೇಲ್ತಲ್ಲಮ್ಮ."

ಫೆಬ್ರವರಿಯಲ್ಲಿ ಇನ್ನೊಂದೇ ಅವಕಾಶವಿತ್ತು. ರಶ್ಮಿತಾ ಆಲೂರು ಬಸ್ ನಿಲ್ದಾಣದ ಪಕ್ಕ ಬೈಂಡಿಂಗ್ ಮಾಡುವ ಕುಮಾರನ ಅಂಗಡಿಗೆ ಹೋದಳು.

"ಡಾಕ್ಟರೇಟಾ?" ಎಂದ ಕುಮಾರ್, ತಲೆ ಎತ್ತದೆ. "ಈ ತಿಂಗ್ಳು ಹನ್ನೊಂದಾಯ್ತು. ಕಡಪ ಕಲ್ಲು ಹಾಕ್ಕೊಡ್ತೀನಿ."

"ಪುಟಗಳು?"

"ರಟ್ಟಿನ ಮಧ್ಯೆ ಇರೋ ಜಾಗ ಅಷ್ಟೇಯ. ಕಲ್ಲೋ ಪುಟವೋ, ಒಂದು ಹೇಳ್ಬುಡು ಮಾರಾಯ್ತಿ."

"ಒಂದಿಪ್ಪತ್ತು ಪುಟನಾದ್ರೂ?"

"ಇಪ್ಪತ್ತು ಪುಟ ಹಾಕಿದ್ ಒಬ್ಬ ಫೇಲಾಗೋದ."

ಹೊಸಕೋಟೆ ಬಸ್ಸು ಹೊರಡಲು ಸಿದ್ಧವಾಗಿತ್ತು. ರಶ್ಮಿತಾ ಅದನ್ನು ನೋಡಿದಳು. ಪುಟಗಳನ್ನೂ ನೋಡಿದಳು.

"ಮೊದಲ್ನೇ ಹಾಳೆ ಇರ್ಲಿ," ಎಂದಳು. "ಅದ್ರಲ್ಲಿ ನನ್ ಹೆಸರೈತೆ."

ಎರಡನೆಯ ಪರೀಕ್ಷೆಯಲ್ಲಿ ಪ್ರಬಂಧ ಒಂದು ಸೆಕೆಂಡಿನಲ್ಲಿ ತಳ ಸೇರಿತು. ಪರೀಕ್ಷಕರ ಪಂಚೆ ಒದ್ದೆಯಾಯಿತು. ಕೂಡಲೇ ಮೌಖಿಕ ಪರೀಕ್ಷೆ ನಡೆಯಿತು.

"ತೂಕ?" ಎಂದರು ವೀರಭದ್ರಯ್ಯ.

"ನಾಲ್ಕೂವರೆ ಕೆಜಿ ಸಾರ್."

"ಮುಂದಿನ ಸಂಶೋಧನೆಗೆ ಅವಕಾಶ?"

"ಆರು ಕೆಜಿವರೆಗೂ ಹೋಗಬಹುದು ಸಾರ್."

ಸಮಿತಿ ತೃಪ್ತಿ ವ್ಯಕ್ತಪಡಿಸಿತು. ಸುಬ್ಬಯ್ಯ ತೊಟ್ಟಿಗೆ ಬಗ್ಗಿ ನೋಡಿ, "ಈಗ ವಿಷಯ ಐತೆ ಕಣಮ್ಮ," ಎಂದರು.

ಮಾರ್ಚ್ ಒಂದರಂದು ಡಾ. ರಶ್ಮಿತಾ ಮ್ಯಾನೇಜರ್ ಆದಳು. ಜೂನ್‌ನಲ್ಲಿ ಹನ್ನೆರಡು ಸಂಸಾರಗಳು ಲೈನ್ ಬಿಟ್ಟು ಹೋದವು. ಕಾರಣ ತಿಳಿಯಲು ಹೊಸ ಅಧ್ಯಯನ ಆಗಬೇಕೆಂದು ಆಕೆ ವರದಿ ಕಳಿಸಿದಳು.

ಪ್ರಬಂಧವನ್ನು ತೊಟ್ಟಿಯಿಂದ ಎತ್ತಿಸಿ, ಒರೆಸಿ, ಸಂಸ್ಥೆಯ ಗ್ರಂಥಾಲಯದಲ್ಲಿಡಲಾಗಿದೆ. ಇದುವರೆಗೆ ಒಂಬತ್ತು ಸಂಶೋಧಕರು ಅದರಿಂದ ಉದ್ಧರಿಸಿದ್ದಾರೆ.