ಒಂಬೈನೂರು ಫೈಲು, ಒಂದು ಸುಳ್ಳು

ಹಾರೂಗೇರಿಯ ಭೂಪಾಲನ ಮನೆಯಲ್ಲಿ ಕಂಪ್ಯೂಟರ್ ಹೆಂಡತಿಯದು, ಅದರ ಬಗ್ಗೆ ಅಭಿಪ್ರಾಯಗಳು ಮಾತ್ರ ಗಂಡನವು. ಹೆಂಡತಿ ಶುಭಾಂಗಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಗಿರಾಕಿಗೊಂದು ಫೈಲಿನಂತೆ ನಾಲ್ಕು ವರ್ಷ ಅಳತೆ ಬರೆದಿಡುತ್ತ ಬಂದು, ೨೦೧೧ರ ಹೊತ್ತಿಗೆ ಒಂಬೈನೂರು ದಾಟಿದ್ದಳು. ಆ ಫೈಲುಗಳ ಹೆಸರುಗಳೋ ದೇವರಿಗೇ ಪ್ರೀತಿ: 'ಹೊಸದು', 'ಹೊಸದು ಎರಡು', 'ಇದ ಖರೇದು'. ಆದರೆ ಒಳಗೆ ಊರು, ಹೆಸರು, ಯಾರ ಎಡಭುಜ ಇಳಿದಿದೆ, ಯಾರಿಗೆ ಬೆನ್ನಿಗೆ ಗುಂಡಿ ಬೇಕು ಎಲ್ಲ ಇರುತ್ತಿತ್ತು. ಹುಡುಕುವ ಜಾಗದಲ್ಲಿ 'ಐಗಳಿ ಸರಿತಾ' ಎಂದು ಬಡಿದರೆ ಸಾಕು, ಆ ಹುಡುಗಿಯ ಅಳತೆ ಕಣ್ಣು ಮಿಟುಕಿಸುವುದರೊಳಗೆ ಹಾಜರ್.

ಭೂಪಾಲ ಹೈಸ್ಕೂಲಿನ ಗುಮಾಸ್ತ. ಸಂಜೆ ಬಂದು ಅದೇ ಕಂಪ್ಯೂಟರಿನಲ್ಲಿ ಇಸ್ಪೀಟ್ ಆಡುವುದು ಅವನ ಏಕೈಕ ವ್ಯಸನ. (ಏಕೈಕ ಎಂಬುದು ಅವನ ಹೇಳಿಕೆ.) ಈಚೆಗೆ ಒಂದು ಎಲೆ ತಿರುವಿ ಹಾಕುವಷ್ಟರಲ್ಲಿ ಚಹಾ ಕುಡಿದು, ಕಪ್ಪು-ಬಸಿ ತೊಳೆದಿಟ್ಟು ಬರಬಹುದಾಗಿತ್ತು. ಅವನು ಬಸ್‌ಸ್ಟ್ಯಾಂಡಿನ ಬಳಿ ಕಂಪ್ಯೂಟರ್ ರಿಪೇರಿ ಮಾಡುವ ತನ್ವೀರನ ಅಂಗಡಿಗೆ ಹೋಗಿ ದೂರಿತ್ತ.

"ಹೊಸಾದು ಏನರ ತುಂಬೀರೇನ್ರಿ ಸರ್?" ಎಂದ ತನ್ವೀರ.

"ಎಪ್ಪತ್ತು ಸಿ.ಡಿ. ಹಾಡು, ಫೋಟೋ ಹಾಕೇನಿ. ಭಾಳೇನಲ್ಲ."

"ಹಂಗಾದ್ರ ಅದನ್ನೆಲ್ಲಾ ಓದಾಕತ್ತೈತ್ರಿ. ಇಂಡೆಕ್ಸಿಂಗ್ ಅಂತಾರ. ಯಾವ ಫೈಲಿನ್ಯಾಗ ಏನೈತಿ ಅಂತ ಒಳಗ ಪಟ್ಟಿ ಮಾಡಾಕತ್ತೈತಿ, ಹುಡುಕಿದ್ದು ಆ ಪಟ್ಟಿಯಿಂದನ ಸಿಗತೈತಿ. ಎರಡ ದಿವಸ ಚಾಲೂ ಇಟ್ಟು ಬಿಡ್ರಿ, ತಾನ ಮುಗಸತೈತಿ."

ಎರಡು ದಿನ ಚಾಲೂ! ಭೂಪಾಲ ಕೋಣೆಯಿಂದ ಹೊರಬರುವಾಗ ಗೋಡೆಯ ಗುಂಡಿ ಆರಿಸಿ, ಕಂಪ್ಯೂಟರಿಗೆ ಹಳೆ ಬೆಡ್‌ಶೀಟ್ ಹೊದಿಸಿ, ಮೇಲೊಮ್ಮೆ ತಟ್ಟಿ ಬರುವ ಮನುಷ್ಯ. ಪಾಪ, ಆ ಯಂತ್ರ ಪಟ್ಟಿ ಮಾಡಲು ಕೂತಾಗಲೆಲ್ಲ ಇವನು ಎಬ್ಬಿಸಿ ಕಳಿಸುತ್ತಿದ್ದ. ಯಾರೂ ಹೇಳದೆ ಕೇಳದೆ ಒಳಗೆ ಕೂತು ಕರೆಂಟ್ ತಿನ್ನುವವನ್ಯಾರು ಎಂದು ಅವನಿಗೆ ಸಿಟ್ಟು ಬಂತು. ಆ ಸರ್ವಿಸನ್ನೇ ಬಂದ್ ಮಾಡಿದ. ಸಾಲದೆಂಬಂತೆ ಅಲ್ಲಿಯವರೆಗೆ ಆಗಿದ್ದ ಪಟ್ಟಿಯನ್ನೂ ಅಳಿಸಿದ. ಇಸ್ಪೀಟಿನ ಎಲೆಗಳು ಸರಸರ ಬಿದ್ದವು. ಆ ಸಂಜೆ ಭೂಪಾಲ ಮಹಾಶಯ ಎರಡು ರೊಟ್ಟಿ ಹೆಚ್ಚಿಗೆ ಉಂಡ.

ಮಂಗಳವಾರ ಬೆಳಿಗ್ಗೆ ಶುಭಾಂಗಿ ಕೂಗಿದಳು.

"ಏನ್ ಮಾಡೀರಿ ಇದಕ್ಕ? ಸರಿತಾನ ಅಳತಿ ಸಿಗವಲ್ದು! ಯಾರದೂ ಸಿಗವಲ್ದು!"

ರವಿವಾರ ಸರಿತಾಳ ಮದುವೆ. ಐದು ಬ್ಲೌಸು ಶುಭಾಂಗಿಗೆ ಒಪ್ಪಿಸಿದ್ದರು. ದೊಡ್ಡ ಮನೆಯ ಮದುವೆಯ ಹೊಲಿಗೆ ಅವಳಿಗೆ ಸಿಕ್ಕದ್ದು ಇದೇ ಮೊದಲು.

"ಹುಡುಗಿನ್ನ ಇನ್ನೊಮ್ಮೆ ಕರಸು" ಎಂದ ಭೂಪಾಲ ಮೆಲ್ಲಗೆ.

"ನಿನ್ನೆ ಅರಿಷಿಣ ಹಚ್ಚ್ಯಾರ. ಮದುಮಗಳು ಊರ ಗಡಿ ದಾಟತಾಳೇನ್ರಿ? ಅಳತಿ ಕಳದೇನಿ ಅಂತ ಅವರವ್ವ ಗಿರಿಜವ್ವಗ ಯಾವ ಬಾಯಿಲೆ ಹೇಳ್ಲಿ? ನೀವೇನೂ ಮುಟ್ಟಿಲ್ಲ ಹೌದಲ್ಲೊ?"

ಆಗಲೇ ಹೇಳಿಬಿಟ್ಟಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. "ನಾ ಯಾಕ ಮುಟ್ಲಿ? ವೈರಸ್ ಬಂದೈತಿ" ಎಂದುಬಿಟ್ಟ. "ನೀ ಕಾಳಜಿ ಮಾಡಬ್ಯಾಡ. ನಾ ರಜಾ ಹಾಕಿ ಒಂದೊಂದ ತಗದು ನೋಡತೇನಿ."

ಸರ್ವಿಸನ್ನು ಗುಟ್ಟಾಗಿ ಮತ್ತೆ ಶುರು ಮಾಡಿದ. ಅದು ಮೊದಲಿಂದ ಓದತೊಡಗಿತು; ಎರಡು ತಾಸಿಗೊಮ್ಮೆ ಊರಿನ ಕರೆಂಟ್ ಹೋಯಿತು. ಅತ್ತ ಅದು ಓದುವುದು, ಇತ್ತ ಇವನು ಓದುವುದು. 'ಹೊಸದು' ತೆಗೆದ, ಮುಚ್ಚಿದ. ಮುನ್ನೂರಕ್ಕೆ ಕಣ್ಣು ಉರಿಯಿತು, ಐನೂರಕ್ಕೆ ಸೊಂಟ ಹಿಡಿಯಿತು. ಊರ ಹೆಣ್ಣುಮಕ್ಕಳ ಭುಜ, ತೋಳು ಓದುತ್ತ ಕೂತಿರುವುದಕ್ಕೆ ನಾಚಿಕೆ ಬೇರೆ. ಶುಭಾಂಗಿ ಮಾತ್ರ ಬೈಯಲಿಲ್ಲ, ಹೊತ್ತುಹೊತ್ತಿಗೆ ಚಹಾ ತಂದಿಟ್ಟು ಹೋದಳು. ಅದಕ್ಕೇ ಅವನಿಗೆ ಭಯವಾಗುತ್ತಿತ್ತು.

ಬುಧವಾರ ಮಧ್ಯಾಹ್ನ 'ಹೊಸದು ಇದ ಬ್ಯಾರೆ' ಎಂಬ ಫೈಲು ತೆರೆದ. ಒಳಗೆ ಹೀಗಿತ್ತು: "ಇವರ ಅಂಗಿ. ಅಳತಿ ತಗೊಳ್ಳುವಾಗ ಉಸಿರ ಹಿಡದು ಹೊಟ್ಟಿ ಒಳಗ ಎಳಕೋತಾರ. ಹೇಳಿದರ ಮನಸಿಗೆ ಹಚ್ಚಿಕೋತಾರ. ಸುಮ್ಮನ ಎರಡ ಇಂಚ ಹೆಚ್ಚಿಗಿ ಬಿಟ್ಟು ಹೊಲಿಬೇಕು."

ಭೂಪಾಲ ಎರಡು ಸಲ ಓದಿದ. ತನ್ನ ಮೈಕಟ್ಟು ಹತ್ತು ವರ್ಷದಿಂದ ಹಾಗೇ ಇದೆ, ಹಳೆ ಅಳತೆಯ ಅಂಗಿಗಳೇ ಸರಿಯಾಗುತ್ತವೆ ಎಂದು ಆಫೀಸಿನಲ್ಲಿ ಕೊಚ್ಚಿಕೊಂಡದ್ದು ನೆನಪಾಯಿತು. ಎದ್ದು ಒಳಗೆ ಹೋದ. ಶುಭಾಂಗಿ ಮಷಿನ್ ತುಳಿಯುತ್ತಿದ್ದಳು.

"ಶುಭಾ, ವೈರಸ್ ಅಲ್ಲ. ನಾನ ಬಂದ್ ಮಾಡಿದ್ದೆ. ಪಟ್ಟಿನೂ ನಾನ ಅಳಸೇನಿ. ತಪ್ಪಾತು."

"ಗೊತ್ತೈತ್ರಿ. ನಿನ್ನೇನ ತನ್ವೀರಗ ಫೋನ್ ಮಾಡಿ ಕೇಳಿದ್ದೆ, ನೀವು ದೂರಾಕ ಹೋಗಿದ್ದು ಹೇಳಿದ."

"ಮತ್ತ ನಾ ಎರಡ ದಿವಸ..."

"ಎಷ್ಟನೇ ಫೈಲಿಗೆ ಬಾಯಿ ಬಿಡತೀರಿ ನೋಡೋಣು ಅಂತ ಬಿಟ್ಟಿದ್ದೆ."

ಅವಳ ಕೈಯಲ್ಲಿದ್ದದ್ದು ರೇಷ್ಮೆಯ ಬ್ಲೌಸು. ಪಕ್ಕದಲ್ಲಿ ಮಾದರಿಗೆಂದು ಹಳೆಯದೊಂದಿತ್ತು. ಸರಿತಾಳದು, ಐಗಳಿಯಿಂದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಂದದ್ದು.

"ಗಿರಿಜವ್ವಗ ಹೇಳಿದಿ?"

"ಹೇಳಿದ್ನಿ. ನನ್ನ ಕೈಯಾಗಿಂದ ಅಳತಿ ಕಳೀತು ಅಂದ್ನಿ."

"ನನ್ನ ಹೆಸರ ಹೇಳಬೇಕಿತ್ತಲ್ಲ!"

"ಗಂಡನ್ನ ಊರ ಮುಂದ ಸಣ್ಣಾಂವ ಮಾಡ್ಲೇನ್ರಿ?" ಶುಭಾಂಗಿ ದಾರ ಕಡಿದಳು. "ಎರಡ ನೀ ಹೊಲಿ ಅಂದ್ರು. ಮೂರು ಬ್ಯಾರೆ ಟೇಲರ್ ಕಡೆ ಹೋದುವು."

ಇಸ್ಪೀಟಿನ ಎಲೆ ಬೇಗ ತಿರುಗಲೆಂದು ಭೂಪಾಲ ಅವಳ ನಾಲ್ಕು ವರ್ಷದ ಹೆಸರಿಗೆ ಕಲ್ಲು ಹಾಕಿದ್ದ. ಮದುವೆಯ ಊಟಕ್ಕೆ ಕರೆದಿದ್ದರೂ ಅವನು ಹೋಗಲಿಲ್ಲ.

ಈಗ ಕಂಪ್ಯೂಟರಿನ ಗುಂಡಿ ಆರಿಸುವವರಿಲ್ಲ, ಬೆಡ್‌ಶೀಟ್ ಹೊದಿಸುವವರಿಲ್ಲ. ಇಸ್ಪೀಟ್ ನಿಂತಿದೆ. ಮೊನ್ನೆ ಶುಭಾಂಗಿ ಟೇಪ್ ಹಿಡಿದು, "ಬರ್ರಿ, ಅಂಗಿ ಅಳತಿ" ಎಂದಳು. ಭೂಪಾಲ ಎದುರಿಗೆ ನಿಂತ, ರೂಢಿಯಂತೆ ಉಸಿರು ಎಳೆದುಕೊಂಡ, ಏನೋ ನೆನಪಾಗಿ ಪೂರಾ ಬಿಟ್ಟುಬಿಟ್ಟ.

ಶುಭಾಂಗಿ ಟೇಪ್ ನೋಡಿದಳು, ಅವನ ಮುಖ ನೋಡಿದಳು.

"ಎರಡಲ್ರಿ," ಎಂದಳು, "ನಾಕ ಇಂಚ."