ಡಿಂಪ್ನಾ ಉಳಿದುಕೊಂಡದ್ದು ಎಲ್ಲಿ

ವಾಟರ್‌ಫರ್ಡಿಗೆ ಹೋದರೆ ಯಾರ ಮನೆಯಲ್ಲಿ ಉಳಿದುಕೊಳ್ಳಬೇಕು ಎಂಬ ಪ್ರಶ್ನೆಗೆ ಡಿಂಪ್ನಾ ಈ ಸಲ ಸುಳ್ಳಿನಲ್ಲಿ ಉತ್ತರ ಕಂಡುಕೊಂಡಳು. ದೊಡ್ಡಮ್ಮ ಫಿಲೋಮಿನಾಗೆ ಫೋನು ಮಾಡಿ ಚಿಕ್ಕಮ್ಮನ ಮನೆಯಲ್ಲಿ ಇರುತ್ತೇನೆಂದಳು. ಚಿಕ್ಕಮ್ಮ ಈಟಾಗೆ ದೊಡ್ಡಮ್ಮನ ಮನೆಯಲ್ಲಿ ಎಂದಳು. ಒಂದೇ ಬೀದಿಯ ಎರಡು ತುದಿಯಲ್ಲಿದ್ದ ಈ ಅಕ್ಕತಂಗಿಯರು ಮಾತು ಬಿಟ್ಟು ಒಂಬತ್ತು ವರ್ಷ. ತಾಯಿಯ ಶವಸಂಸ್ಕಾರಕ್ಕೆ ಬಂದವರಿಗೆ ಸ್ಯಾಂಡ್‌ವಿಚ್ ಮಾಡುವ ಹಕ್ಕು ಯಾರದು ಎಂದು ಶುರುವಾದ ಜಗಳ ಗಂಡಂದಿರಿಗೂ ಅಂಟಿಕೊಂಡಿತ್ತು. ಆ ಮೌನ ಬ್ಯಾಂಕಿನ ಲಾಕರಿನಷ್ಟು ಭದ್ರ. ಸುಳ್ಳನ್ನು ಅದರಲ್ಲಿಟ್ಟು, ಗೆಳತಿಯ ಮಗಳ ಮರುದಿನದ ಮದುವೆಗೆಂದು ಅವಳು ಡಬ್ಲಿನ್ನಿನಲ್ಲಿ ರೈಲು ಹತ್ತಿದಳು.

ಮನೆಯಲ್ಲಿ ಗಂಡ, ಮೂವರು ಮಕ್ಕಳು, ಅತ್ತೆ. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಅವಳು ಒಳಗಿನಿಂದ ಚಿಲಕ ಹಾಕಿಕೊಂಡು ಒಬ್ಬಳೇ ಮಲಗಿದ್ದಿಲ್ಲ. ಬೇಕಾಗಿದ್ದುದು ಇಷ್ಟೇ: ಒಂದು ಬಾಗಿಲು, ಅದನ್ನು ಯಾರೂ ತಟ್ಟದ ಒಂದು ರಾತ್ರಿ.

ನದಿ ದಂಡೆಯ ಹೋಟೆಲಿನ ಕೌಂಟರಿನಲ್ಲಿದ್ದ ಹುಡುಗಿ ಕೀ ಕೊಡುವ ಮೊದಲು ಮುಖವನ್ನೇ ನೋಡಿ, "ನೀವು ಯಾರ ಪೈಕಿ?" ಎಂದಳು.

ಆ ಊರಿನಲ್ಲಿ ಈ ಪ್ರಶ್ನೆಗೆ ಉತ್ತರ ಕೊಡದೆ ಪಾರಾದವರಿಲ್ಲ. ಡಿಂಪ್ನಾಳ ಬಾಯಿ ಅವಳನ್ನು ಕೇಳದೆಯೇ ಅಜ್ಜಿಯ ಹೆಸರು, ಬೀದಿಯ ಹೆಸರು, ದೊಡ್ಡಮ್ಮ ಚಿಕ್ಕಮ್ಮಂದಿರ ಹೆಸರು ಎಲ್ಲವನ್ನೂ ಒಪ್ಪಿಸಿಬಿಟ್ಟಿತು. ಹುಡುಗಿಯ ತಾಯಿ ಅದೇ ಬೀದಿಯವಳಂತೆ. ಡಿಂಪ್ನಾ ಮೆಟ್ಟಿಲು ಹತ್ತುವಷ್ಟರಲ್ಲಿ ತಾಯಿಗೆ ಫೋನು ಹೋಗಿತ್ತು.

ಸ್ನಾನದ ತೊಟ್ಟಿ ತುಂಬಿ ನೊರೆ ಎದ್ದಿತ್ತು. ಒಂದು ಕಾಲು ಇಳಿಸುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು.

ಹೊರಗೆ ದೊಡ್ಡಮ್ಮ, ಚಿಕ್ಕಮ್ಮ, ಒಂದೇ ಕೊಡೆಯಡಿ ಬಂದ ಎರಡು ಮೋಡಗಳ ಹಾಗೆ.

"ಈಟಾ ಜೊತೆ ಇರ್ತೀನಿ ಅಂದ್ಯಲ್ಲ," ಎಂದರು ದೊಡ್ಡಮ್ಮ. "ಈಟಾನ ಇಲ್ಲಿಗೇ ಕರ್ಕೊಂಡು ಬಂದಿದೀನಿ. ಇರು ಈಗ."

ಸುದ್ದಿ ತಿಳಿದೊಡನೆ ಅವರು ತಂಗಿಯ ಮನೆಗೆ ಓಡಿದ್ದರಂತೆ. ಬೈಯಲು ಇಬ್ಬರಿಗೂ ಒಬ್ಬಳೇ ಸಿಕ್ಕ ಮೇಲೆ ಸ್ಯಾಂಡ್‌ವಿಚ್ ನೆನಪಿಗೇ ಬರಲಿಲ್ಲವಂತೆ. ದಾರಿಯುದ್ದಕ್ಕೂ ಬೈದು ದಣಿದಿದ್ದ ಚಿಕ್ಕಮ್ಮ ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿ, ಅಕ್ಕನನ್ನೂ ಕೂರಿಸಿದರು. ಆಮೇಲೆ ಸ್ನಾನದ ಮನೆಗೆ ಇಣುಕಿದರು.

"ಅಯ್ಯೋ, ನೀರು ಆರಿಹೋಗತ್ತಲ್ಲ," ಎನ್ನುತ್ತ ಒಳಗೆ ಹೋದರು. ಚಿಲಕ ಬಿದ್ದ ಸದ್ದು ಕೇಳಿತು.

ದೊಡ್ಡಮ್ಮ ಬೂಟು ಕಳಚಿ ಮೆಲ್ಲಗೆ ದಿಂಬಿಗೆ ಒರಗಿದರು. "ಬೇರೆಯವರು ಹಾಸಿದ ಹಾಸಿಗೇಲಿ ಮಲಗಿ ನಲವತ್ತು ವರ್ಷ ಆಯ್ತು ಕಣೇ."

ಸಿಡುಕಲು ಹೊರಟ ಡಿಂಪ್ನಾ ಬಗ್ಗಿ ಆ ಬೂಟುಗಳನ್ನು ಜೋಡಿಸಿಟ್ಟಳು. ಅದು ಅವಳದೇ ಮಾತು. ಅವರು ಮೊದಲು ಆಡಿಬಿಟ್ಟಿದ್ದರು, ಅಷ್ಟೆ.

"ಒಂದು ರಾತ್ರಿ ತಾನೆ," ಎಂದರು ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ. "ನಿಮ್ಮ ದೊಡ್ಡಪ್ಪಂಗೆ ಏಳು ಗಂಟೆಗೆ ಆಲೂಗಡ್ಡೆ ಬೇಯಿಸ್ಕೊಡು."

"ಚಿಕ್ಕಪ್ಪಂಗೆ ಉಪ್ಪು ಕಮ್ಮಿ," ಎಂದಿತು ನೊರೆಯೊಳಗಿನ ದನಿ.

ಆ ಸಂಜೆ ಆರೂವರೆಗೆ ಡಿಂಪ್ನಾ ಪೆಟ್ಟಿಗೆ ಹಿಡಿದು ಆ ಬೀದಿಯ ನಟ್ಟನಡುವೆ ನಿಂತಿದ್ದಳು. ಆ ತುದಿಯ ಗೇಟಿನಲ್ಲಿ ದೊಡ್ಡಪ್ಪ, ಈ ತುದಿಯ ಗೇಟಿನಲ್ಲಿ ಚಿಕ್ಕಪ್ಪ. ಹೆಂಡತಿಯರು ರಾಜಿಯಾದದ್ದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

"ನಮ್ಮನೇಲಿ ತಾನೇ ಮಗಳೇ ಇರೋದು?" ಎಂದರು ದೊಡ್ಡಪ್ಪ.

ಅದನ್ನೇ ಚಿಕ್ಕಪ್ಪ ಇನ್ನಷ್ಟು ಜೋರಾಗಿ ಕೇಳಿದರು.