ಹದಿನೈದು ನಿಮಿಷ ಕಾಯಿರಿ

ನಮ್ಮ ಮನೆಯಲ್ಲಿ ಏನೇ ಕೆಟ್ಟರೂ ಇನ್ನು ಮುಂದೆ ಮೆಕ್ಯಾನಿಕ್ಕುಗಳು ಹೊಸ್ತಿಲು ದಾಟಕೂಡದು! ಹೀಗೆಂದು ನಾನು ಘೋಷಿಸಿದ್ದು ಒಂದು ಶನಿವಾರ ಬೆಳಿಗ್ಗೆ, ಹಲ್ಲುಜ್ಜುವ ಬ್ರಷ್ಷನ್ನು ಕತ್ತಿಯ ಹಾಗೆ ಮೇಲೆತ್ತಿ. ಘೋಷಿಸುವ ಅಧಿಕಾರ ನನಗಿತ್ತು. ಮಿಕ್ಸರ್, ಇಸ್ತ್ರಿಪೆಟ್ಟಿಗೆ, ನೀರೆತ್ತುವ ಪಂಪು, ಏನು ಕೊಂಡರೂ ಡಬ್ಬಿಯ ತಳದಲ್ಲಿ ಒಂದು ಪುಟ್ಟ ಕೈಪಿಡಿ ಇರುತ್ತದಲ್ಲ, ನೀವು ಬಿಚ್ಚಿಯೂ ನೋಡದೆ ಎಸೆಯುತ್ತೀರಲ್ಲ, ಅದನ್ನು ಬರೆಯುವ ಮಹಾನುಭಾವ ನಾನೇ. ಅದರಲ್ಲೂ ಕೊನೆಯಲ್ಲಿ ಬರುವ ‘ತೊಂದರೆ, ಕಾರಣ, ಪರಿಹಾರ’ ಎಂಬ ಪಟ್ಟಿಯಲ್ಲಿ ನನ್ನದು ಪಳಗಿದ ಕೈ. ಇಪ್ಪತ್ತೆರಡು ವರ್ಷಗಳಲ್ಲಿ ಕಾಗದದ ಮೇಲೆ ನಾನು ರಿಪೇರಿ ಮಾಡದ ಯಂತ್ರವಿಲ್ಲ. ಕಾಗದದಿಂದಾಚೆ ಒಂದೇ ಒಂದು ಸ್ಕ್ರೂ ಬಿಚ್ಚಿರಲಿಲ್ಲ, ಅದು ಬೇರೆ ಮಾತು.

ಕೆಟ್ಟಿದ್ದು ಹೆಂಡತಿಯ ದೀಪ. ಅವಳು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಡಾಕ್ಟರುಗಳ ಅಕ್ಷರವನ್ನೇ ಓದಬಲ್ಲವಳಿಗೆ ಗಂಡನ ಮುಖ ಓದುವುದು ಯಾವ ಲೆಕ್ಕ! ನಮ್ಮ ಹಿಂದಿನ ಕೋಣೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಆ ಕತ್ತಲ ಗೂಡಿನಲ್ಲಿ ಅವಳು ಆರು ಕುಂಡಗಳಲ್ಲಿ ಟೊಮೇಟೊ ಬೆಳೆಸುತ್ತಾಳೆ, ಗಿಡಗಳಿಗೆಂದೇ ಮಾಡಿದ ಒಂದು ಪ್ರಚಂಡ ದೀಪದ ಕೆಳಗೆ. ಅದು ಹೊತ್ತಿದರೆ ಸೂರ್ಯನೇ ನಮ್ಮಲ್ಲಿ ಬಾಡಿಗೆಗೆ ಬಂದ ಹಾಗಿರುತ್ತದೆ. ದೀಪ ಸೂರಿನಿಂದ ತೂಗುತ್ತದೆ, ಅದಕ್ಕೆ ಕರೆಂಟನ್ನು ಹದಮಾಡಿ ಕಳಿಸುವ ಚೋಕ್ ಪೆಟ್ಟಿಗೆ ಮೂಲೆಯಲ್ಲಿ ನೆಲದ ಮೇಲೆ ಕೂತಿರುತ್ತದೆ. ಯಾರೋ ಸಹೋದ್ಯೋಗಿಯಿಂದ ಕೊಂಡ ಹಳೆಯ ಮಾಲು, ಕೈಪಿಡಿ ಇರಲಿಲ್ಲ.

ಆ ದಿನ ಸಂಜೆ ಐದಕ್ಕೆ ಮನೆತೋಟ ಸ್ಪರ್ಧೆಯ ತೀರ್ಪುಗಾರರು ಮನೆಗೇ ಬರುವವರಿದ್ದರು. ಒಟ್ಟು ಅಂಕಗಳಲ್ಲಿ ಅರ್ಧ ಗಿಡಕ್ಕೆ, ಇನ್ನರ್ಧ ಬೆಳೆಸುವ ವ್ಯವಸ್ಥೆಗೆ. ಹೋದ ವರ್ಷ ಮೊದಲ ಬಹುಮಾನ ನಮ್ಮ ಮೇಲಿನ ಮಹಡಿಯ ನಿವೃತ್ತ ರೈಲು ಡ್ರೈವರ್ ಪಾಲಾಗಿತ್ತು, ಕೇವಲ ಒಂದು ಅಂಕದಿಂದ. ನಾನು, ಹೆಂಡತಿ, ಅತ್ತೆ ಮೂವರಿರುವ ನಮ್ಮ ಊಟದ ಮೇಜಿಗೆ ಆ ಒಂದು ಅಂಕ ವರ್ಷವಿಡೀ ನಾಲ್ಕನೆಯವರಾಗಿ ಬಂದು ಕೂತಿತ್ತು. ಈ ಸಲ ಗೆಲ್ಲಲೇಬೇಕೆಂದು ಅವಳು ಗಿಡಗಳನ್ನು ಮಕ್ಕಳ ಹಾಗೆ ಸಾಕಿದ್ದಳು. ಹೀಗಿರುವಾಗ ಶುಕ್ರವಾರದಿಂದ ದೀಪ ಹಟ ಹಿಡಿದಿತ್ತು. ಅರ್ಧ ಗಂಟೆ ಧಗಧಗ ಉರಿಯುವುದು, ಆಮೇಲೆ ಮಿಣಕ್, ಮಿಣಕ್, ಆರಿಹೋಗುವುದು.

“ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡ್ತೀನಿ” ಎಂದಳು.

“ಇಪ್ಪತ್ತೆರಡು ವರ್ಷ ಅನುಭವ ಇರೋ ಗಂಡ ಮನೇಲೇ ಇರುವಾಗ?”

“ಅದಕ್ಕೇ ಭಯ!”

“ಐದರೊಳಗೆ ದೀಪ ಉರೀದಿದ್ರೆ ಇವತ್ತಿಂದ ನಾನು ಪೆನ್ನು ಮುಟ್ಟಲ್ಲ, ಹೋಗು!”

ನನ್ನ ಧೈರ್ಯಕ್ಕೆ ಕಾರಣವಿತ್ತು. ಗುರುವಾರವಷ್ಟೇ, ಎರಡು ವರ್ಷದಿಂದ ನನ್ನ ಮೇಜಿನ ಮೇಲೆ ಬಿದ್ದಿದ್ದ ಕಾಗದದ ಕಟ್ಟುಗಳನ್ನೆಲ್ಲ ಸಿಕ್ಕ ಸಿಕ್ಕ ಜಾಗಕ್ಕೆ ಸಾಗಿಸಿ ಮನೆಯನ್ನು ಓರಣ ಮಾಡಿದ್ದೆ. ಹೆಂಡತಿ ಬಾಯ್ತುಂಬ ಹೊಗಳಿದ್ದಳು. ಆ ಅಮಲು ಇನ್ನೂ ಇಳಿದಿರಲಿಲ್ಲ.

ಮಧ್ಯಾಹ್ನದ ಊಟ ಮುಗಿಸಿ ಕೆಲಸಕ್ಕಿಳಿದೆ. ಬಲ್ಬು ಸಡಿಲವಾಗಿದೆ ಎಂಬುದು ನನ್ನ ಮೊದಲ ತೀರ್ಮಾನ. ಸ್ವಿಚ್ ಆರಿಸಿದೆ, ಸ್ಟೂಲು ಹತ್ತಿದೆ, ಬಲ್ಬಿಗೆ ಕೈ ಹಾಕಿದೆ. “ಅಯ್ಯಯ್ಯಪ್ಪಾ!” ಐದೂ ಬೆರಳುಗಳನ್ನು ಗಿಡಕ್ಕೆ ನೀರುಣಿಸುವ ಕ್ಯಾನಿನಲ್ಲಿ ಅದ್ದಿಕೊಂಡು ಇನ್ನೊಂದು ಕೈಯಲ್ಲಿ ಸ್ವಿಚ್ ಹಾಕಿದೆ. ಮಿಣುಕುತ್ತಿದ್ದ ದೀಪ ಈಗ ಮಿಣುಕಲೂ ಇಲ್ಲ! ಮತ್ತೆ ಹಾಕಿದೆ, ಆರಿಸಿದೆ, ಹಾಕಿದೆ. ಊಹ್ಞೂಂ.

“ರಿಪೇರಿ ಆಯ್ತಾ?” ಅಡುಗೆಮನೆಯಿಂದ ದನಿ ಬಂತು.

“ರೋಗ ಗೊತ್ತಾಯ್ತು! ವೋಲ್ಟೇಜ್ ಸಾಲ್ತಿಲ್ಲ. ಮನೇಲಿ ಯಾರೋ ಕರೆಂಟ್ ಕುಡೀತಿದಾರೆ!”

ಕುಡುಕರನ್ನು ಒಬ್ಬೊಬ್ಬರನ್ನಾಗಿ ಹಿಡಿದೆ. ಫ್ರಿಜ್ ಬಂದ್. ವಾಷಿಂಗ್ ಮೆಷಿನ್ ಬಂದ್. ಅದರೊಳಗೆ ಸಂಜೆಗೆಂದು ಹಾಕಿದ್ದ ಹೆಂಡತಿಯ ಹಸಿರು ಅಂಗಿ ನೊರೆಯಲ್ಲಿ ಮುಳುಗಿತ್ತು, ಬಾಗಿಲು ತೆಗೆಯಲು ಬರಲಿಲ್ಲ. ಟೀವಿ ಬಂದ್ ಮಾಡಿದಾಗ ಅತ್ತೆ ಎದ್ದು ನಿಂತೇಬಿಟ್ಟರು.

“ಅಳಿಯಂದ್ರೇ! ಆ ಸೊಸೆ ಗುಟ್ಟು ಹೇಳೋಕೆ ಈಗಷ್ಟೇ ಬಾಯಿ ತೆಗೆದಿದ್ಲು! ಆರು ತಿಂಗಳಿಂದ ಕಾಯ್ತಿದೀನಿ!”

ಅಷ್ಟರಲ್ಲಿ ಹಿಂದಿನ ಕೋಣೆಯಲ್ಲಿ ಝಗ್ಗೆಂದು ಬೆಳಕು! ನಾನು ಕುಣಿದೇಬಿಟ್ಟೆ. “ಕಂಡ್ಯಾ? ವಾಷಿಂಗ್ ಮೆಷಿನ್ನೇ ಕಳ್ಳ!” ವಿಜಯೋತ್ಸವಕ್ಕೆ ಎರಡು ಲೋಟ ಕಾಫಿ ಕುಡಿದೆ. ಎರಡನೆಯ ಲೋಟದ ತಳ ಕಾಣುವಾಗ ದೀಪ ಮತ್ತೆ ಮಿಣಕ್, ಮಿಣಕ್.

ಗಂಟೆ ನಾಲ್ಕಾಗಿತ್ತು. ಹೆಂಡತಿ ಗಡಿಯಾರ ನೋಡಿದಳು. ಅವಳು ಬೈದರೆ ನನಗೆ ತೊಂದರೆಯಿಲ್ಲ, ಗಡಿಯಾರ ನೋಡಿದರೆ ಕೈಕಾಲು ಆಡುವುದಿಲ್ಲ. ರೋಗ ನಮ್ಮ ಮನೆಯದ್ದಲ್ಲ, ಇಡೀ ಕಟ್ಟಡದ್ದು ಎಂದು ಸಾರಿ ಕೆಳಗೆ ಮೀಟರುಗಳ ಹತ್ತಿರ ಓಡಿದೆ. ಅಲ್ಲಿ ಸಾಲಾಗಿ ಹದಿನಾಲ್ಕು ಸ್ವಿಚ್ಚು, ಹೆಸರಿನ ಚೀಟಿಗಳೆಲ್ಲ ಮಾಸಿಹೋಗಿದ್ದವು. ನಮ್ಮದಿರಬಹುದು ಎನಿಸಿದ್ದನ್ನು ಕೆಳಕ್ಕೆಳೆದೆ. ಎಲ್ಲೋ ಮೇಲೆ ‘ಢಣ್’ ಎಂದಿತು. ಆಮೇಲೆ ಗೋಡೆಯೊಳಗಿಂದ ಒಂದು ಗಂಭೀರ ದನಿ:

“ಯಾರ್ರೀ ಅದು?”

ಲಿಫ್ಟು! ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ, ಒಂದು ಮೂಟೆ ಗೊಬ್ಬರದ ಜೊತೆ, ರೈಲು ಡ್ರೈವರ್!

“ನಾನೇ ಸರ್, ಒಂದೇ ನಿಮಿಷ!” ಎಂದೆ. ಆದರೆ ಗಾಬರಿಯಲ್ಲಿ ಎಳೆದದ್ದು ಯಾವುದೆಂದೇ ಮರೆತು ಇನ್ನೂ ಐದನ್ನು ಮೇಲೆ ಕೆಳಗೆ ಮಾಡಿದೆ. ಎಲ್ಲ ಮಹಡಿಗಳಿಂದಲೂ ನನ್ನ ವಂಶದ ವಿಚಾರಣೆ ಶುರುವಾಯಿತು. ಇಪ್ಪತ್ತು ನಿಮಿಷದ ನಂತರ ಲಿಫ್ಟು ಕೆಳಗೆ ಬಂದಾಗ ಅವರು ಬೆವರಿನಲ್ಲಿ ನೆನೆದಿದ್ದರು.

“ಮೂವತ್ತಾರು ವರ್ಷ ರೈಲು ಓಡಿಸಿದೀನಿ. ಸ್ಟೇಷನ್ ಇಲ್ಲದ ಕಡೆ ಇಷ್ಟು ಹೊತ್ತು ನಿಂತಿದ್ದು ಇದೇ ಮೊದಲು! ಗೆಲ್ಲೋಕೆ ಆಗಲ್ಲ ಅಂತ ಎದುರಾಳೀನ ಡಬ್ಬಿಗೆ ಹಾಕ್ತೀರೇನ್ರೀ? ತೀರ್ಪುಗಾರರು ಬರ್ಲಿ, ಹೇಳ್ತೀನಿ!”

ದೂರು ಹೋದರೆ ಹೆಂಡತಿಯ ಹೆಸರೇ ಪಟ್ಟಿಯಿಂದ ಔಟ್. ಕೈ ಮುಗಿಯುತ್ತ ಅವರನ್ನು ಮೂಟೆಯ ಸಮೇತ ಕರೆದುಕೊಂಡೇ ಮನೆಗೆ ಬಂದೆ, “ನಮ್ಮ ದೀಪಾನ ನೀವೇ ನೋಡಿ ಸರ್, ನಿಮಗೇ ನಂಬಿಕೆ ಬರುತ್ತೆ” ಎಂದು. ನಡುವೆ ಒಮ್ಮೆ ಹೊತ್ತಿದ್ದ ದೀಪ ಕೆಳಗಿನ ನನ್ನ ಸ್ವಿಚ್ಚಾಟಕ್ಕೆ ಮತ್ತೆ ಸತ್ತಿತ್ತು. ಗಂಟೆ ನಾಲ್ಕು ದಾಟಿ ಮೂವತ್ತೈದು ನಿಮಿಷ. ನಾನು ಮತ್ತೆ ಸ್ಟೂಲು ಹತ್ತಿ ದೀಪದ ತಗಡಿನ ಮುಚ್ಚಳದ ಕೆಳಗೆ ತಲೆ ತೂರಿಸಿದೆ. ಹಿಂದಿನಿಂದ ಹೆಂಡತಿ ಏನನ್ನೋ ಓದತೊಡಗಿದಳು. ಫೋನಿನಲ್ಲಿ ಹುಡುಕಿರಬೇಕು ಅಂದುಕೊಂಡೆ.

“‘ದೀಪವು ಮಿಣುಕಿ ಆರಿದಲ್ಲಿ, ಚೋಕ್ ಪೆಟ್ಟಿಗೆಯ ಗಾಳಿಕಿಂಡಿಗಳು ಮುಚ್ಚಿಲ್ಲವೆಂಬುದನ್ನು ಪ್ರಪ್ರಥಮವಾಗಿ ಪರಿಶೀಲಿಸತಕ್ಕದ್ದು.’”

“ಪರಿಶೀಲಿಸತಕ್ಕದ್ದಂತೆ! ನೆಟ್ಟಗೆ ‘ನೋಡಿ’ ಅನ್ನೋಕೆ ಏನು ಧಾಡಿ ಅವನಿಗೆ?”

“‘ಸದರಿ ಪೆಟ್ಟಿಗೆಯ ಮೇಲೆ ಪುಸ್ತಕ, ಬಟ್ಟೆ ಮುಂತಾದವನ್ನು ಯಾವ ಕಾರಣಕ್ಕೂ ಇಡಕೂಡದು.’”

“ಯಾವ ಮಂಕ ಹೋಗಿ ಬಿಸಿ ಪೆಟ್ಟಿಗೆ ಮೇಲೆ ಪುಸ್ತಕ ಇಡ್ತಾನೆ? ಪುಟ ತುಂಬಿಸೋಕೆ ಬರೆದಿದಾನೆ ಅಷ್ಟೆ.”

“‘ಆರಿದ ದೀಪವು ತಣಿಯದ ಹೊರತು ಪುನಃ ಹೊತ್ತದು. ಹದಿನೈದು ನಿಮಿಷ ಕಾಯಿರಿ. ಪದೇ ಪದೇ ಸ್ವಿಚ್ ಒತ್ತುವುದು ಅವಿವೇಕ.’”

“ಕೊಂಡುಕೊಂಡವರನ್ನೇ ಬೈತಾನಲ್ಲ! ಇಂಥವರಿಂದ್ಲೇ ನಮ್ಮ ಕಸುಬಿಗೆ ಕೆಟ್ಟ ಹೆಸರು. ಬರೆದವನ ಹೆಸರಿದೆಯಾ? ಇವತ್ತೇ ಒಂದು ಕಾಗದ ಬರೆದು ಜಾಡಿಸ್ತೀನಿ!”

“ಇದೆ. ಕೊನೇ ಪುಟದಲ್ಲಿ, ಚಿಕ್ಕ ಅಕ್ಷರದಲ್ಲಿ.”

“ಓದು, ಓದು!”

“ಓದೋದ್ಯಾಕೆ? ನಮ್ಮ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲೇ ಹಾಕ್ಸಿದೀರಲ್ಲ.”

ತಿರುಗಿ ನೋಡಿದೆ. ಹೆಂಡತಿಯ ಕೈಯಲ್ಲಿದ್ದದ್ದು ಫೋನಲ್ಲ, ಪುಟ್ಟ ಪುಸ್ತಕ. ಮುಖಪುಟದಲ್ಲಿ ಇದೇ ದೀಪದ ಚಿತ್ರ. ಅವಳ ಕಾಲ ಬಳಿ, ಚೋಕ್ ಪೆಟ್ಟಿಗೆಯ ಪಕ್ಕ, ಕಂದು ಕಾಗದ ಹರಿದ ಒಂದು ಕಟ್ಟು. ಅದರೊಳಗೆ ಅಂಥವೇ ಇನ್ನೂ ನಲವತ್ತೊಂಬತ್ತು! ಎರಡು ವರ್ಷದ ಹಿಂದೆ, ದೀಪವನ್ನು ಕಣ್ಣಿಂದಲೂ ನೋಡದೆ ಬರೀ ನಕ್ಷೆ ನೋಡಿ ನಾನು ಬರೆದ ಕೈಪಿಡಿ. ಮುದ್ರಣಾಲಯದವರು ಮಿಕ್ಕ ಪ್ರತಿಗಳನ್ನು ಕಳಿಸಿದ್ದರು. ನಾನು ಕಟ್ಟು ಬಿಚ್ಚಿಯೂ ನೋಡಿರಲಿಲ್ಲ. ಗುರುವಾರ ಓರಣ ಮಾಡುವ ಉತ್ಸಾಹದಲ್ಲಿ ಅದನ್ನು ಒಯ್ದು ‘ಸದರಿ ಪೆಟ್ಟಿಗೆಯ’ ಮೇಲೆ ಅಚ್ಚುಕಟ್ಟಾಗಿ ಇಟ್ಟಿದ್ದೆ, ಒಂದು ಕಿಂಡಿಯೂ ಕಾಣದ ಹಾಗೆ. ಪೆಟ್ಟಿಗೆ ಉಸಿರುಗಟ್ಟಿ ಒದ್ದಾಡುತ್ತಿತ್ತು. ಮುಟ್ಟಿ ನೋಡಿದ ಹೆಂಡತಿ ಕಟ್ಟನ್ನು ಎತ್ತಿ ಕೆಳಗಿಟ್ಟಿದ್ದಳು, ಅಷ್ಟೇ ರಿಪೇರಿ.

ನಾನು ಸ್ಟೂಲಿನಿಂದ ಇಳಿದೆ. ಇಳಿದದ್ದು ಎರಡೇ ಅಡಿಯಾದರೂ ಬಹಳ ಎತ್ತರದಿಂದ ಇಳಿದ ಹಾಗಾಯಿತು. ರೈಲು ಡ್ರೈವರ್ ಮೊದಲು ತುಟಿ ಕಚ್ಚಿ ಹಿಡಿದರು, ಆಮೇಲೆ ಗೊಬ್ಬರದ ಮೂಟೆಯ ಮೇಲೆ ಕೂತು ಕಣ್ಣೀರು ಬರುವಷ್ಟು ನಕ್ಕರು. “ಇಲ್ಲಮ್ಮಾ, ಇವರ ಮೇಲೆ ದೂರು ಕೊಟ್ರೆ ನನಗೇ ಪಾಪ ಸುತ್ಕೊಳ್ಳುತ್ತೆ” ಎಂದರು.

ಅತ್ತೆಯೂ ಬಂದು ಸೇರಿಕೊಂಡರು, ನಾಲ್ವರೂ ಕಾದೆವು. ಹದಿನೈದು ನಿಮಿಷ ಎಂದು ಬರೆಯುವುದು ಸುಲಭ, ಹೆಂಡತಿಯ ಎದುರು ಕೂತು ಕಳೆದು ನೋಡಿ! ಐದಕ್ಕೆ ಇನ್ನು ಎಂಟು ನಿಮಿಷ ಇರುವಾಗ ದೀಪ ಮೆಲ್ಲಗೆ ಕೆಂಪಾಯಿತು, ಹಳದಿಯಾಯಿತು, ಧಗ್ಗೆಂದಿತು. ಟೊಮೇಟೊಗಳು ಹೊಳೆದವು. ಹೆಂಡತಿಯ ಮುಖವೂ ಹೊಳೆಯಿತು.

ಅಂಗಿ ಇನ್ನೂ ಮೆಷಿನ್ನಿನ ಸೆರೆಯಲ್ಲಿದ್ದುದರಿಂದ ಅವಳು ಅಡುಗೆಯ ಏಪ್ರನ್ನಿನಲ್ಲೇ ತೀರ್ಪುಗಾರರನ್ನು ಬರಮಾಡಿಕೊಂಡಳು, ಮೊದಲ ಬಹುಮಾನವನ್ನೂ ಗೆದ್ದಳು. ಎರಡೇ ಅಂಕದಿಂದ! ತೀರ್ಪುಗಾರರಲ್ಲಿ ಹಿರಿಯರೊಬ್ಬರು ಕೈಪಿಡಿಯನ್ನೂ ತಿರುವಿ ನೋಡಿ, “ಬರೆದವರು ತುಂಬಾ ತಿಳಿದವರು” ಎಂದರು.

“ಹೌದು ಸರ್, ಬರೆಯೋವಾಗ” ಎಂದಳು.

ಸೋಮವಾರ ಆ ಕೈಪಿಡಿಯ ಹೊಸ ಆವೃತ್ತಿಗೆ ತಿದ್ದುಪಡಿ ಮಾಡೋಣವೆಂದು ಕೂತೆ. ಕೊನೆಯ ಪಟ್ಟಿಯಲ್ಲಿ ಆಗಲೇ ಯಾರೋ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದ್ದರು:

‘ತೊಂದರೆ: ಗಂಡ ಸ್ಟೂಲು ಹತ್ತಿದ್ದಾನೆ. ಕಾರಣ: ಹೊಗಳಿಕೆ. ಪರಿಹಾರ: ಕೆಳಗಿಳಿಸಿ, ಹದಿನೈದು ನಿಮಿಷ ಕಾಯಿರಿ, ತಾನಾಗಿಯೇ ತಣ್ಣಗಾಗುತ್ತಾನೆ.’

ಇಪ್ಪತ್ತೆರಡು ವರ್ಷದ ಅನುಭವದ ಕೆಂಪು ಪೆನ್ನು ಹಿಡಿದು ಮೂರು ಸಲ ಓದಿದೆ. ತಿದ್ದಲು ಒಂದಕ್ಷರವೂ ಸಿಗಲಿಲ್ಲ.